ಟರ್ಕಿಶ್ ಓದಿ ಏನು ಮಾಡುತ್ತೀಯ?

ಹತ್ತನೆಯ ತರಗತಿಯ ಫಲಿತಾಂಶ ಬಂದು ಪಿಯುಸಿಗೆ ಅರ್ಜಿ ತುಂಬುವ ದಿನಗಳಲ್ಲಿ ಮಲ್ಲೇಶ್ವರ, ಬಸವನಗುಡಿಯ ಮನೆಗಳಲ್ಲಿ ಒಂದು ಲೆಕ್ಕಾಚಾರ ತಪ್ಪದೆ ನಡೆಯುತ್ತದೆ. ಸಂಸ್ಕೃತ ತಗೊಂಡರೆ ನೂರಕ್ಕೆ ನೂರು ಹತ್ತಿರ, ಫ್ರೆಂಚ್ ಆದರೂ ಅಡ್ಡಿಯಿಲ್ಲ, ಕನ್ನಡದಲ್ಲಿ ಅಷ್ಟು ಮಾರ್ಕ್ಸ್ ಎಲ್ಲಿ ಬರುತ್ತೆ ಎಂಬ ಮಾತು ಅದು. ಅಲ್ಲಿ ಭಾಷೆ ಅಂಕಪಟ್ಟಿಯ ಒಂದು ಸಾಲು, ಅಷ್ಟೇ. ಇಂಜಿನಿಯರಿಂಗೋ ನರ್ಸಿಂಗೋ ಮುಗಿದು ಜರ್ಮನಿಯಲ್ಲಿ ಕೆಲಸ ಹುಡುಕುವಾಗ ಇನ್ನೊಮ್ಮೆ ಭಾಷೆಯ ನೆನಪಾಗುತ್ತದೆ. ಆಗ ಅದು ವೀಸಾಕ್ಕೆ ಬೇಕಾದ ಒಂದು ಸರ್ಟಿಫಿಕೇಟ್. ಭಾಷೆಯೊಂದನ್ನು ಅದರ ಇತಿಹಾಸ, ಸಾಹಿತ್ಯ, ಜನಜೀವನದ ಸಮೇತ ಮೂರು ವರ್ಷ ಕೂತು ಓದಬಹುದು, ಅದೂ ಒಂದು ಶಾಸ್ತ್ರ ಎಂಬ ವಿಚಾರಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಇಂಥ ಊರಿನಲ್ಲಿ ಹುಡುಗಿಯೊಬ್ಬಳು ತಾನು ಟರ್ಕಿಶ್ ಭಾಷೆ ಮತ್ತು ಸಂಸ್ಕೃತಿಯಲ್ಲಿ ಬಿ.ಎ. ಮಾಡುತ್ತೇನೆ ಎಂದರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ಗಾಬರಿಯಾಗುತ್ತಾರೆ, ಕಡೆಗೆ ಕೇಳುತ್ತಾರೆ: ಅದನ್ನು ಓದಿ ಏನು ಮಾಡುತ್ತೀಯ? ಈ ಪ್ರಶ್ನೆಯನ್ನು ದಡ್ಡತನದ ಪ್ರಶ್ನೆ ಎಂದು ತಳ್ಳಿಹಾಕುವುದು ಸುಲಭ. ನಾನು ಅದನ್ನು ಅದರ ಪೂರ್ತಿ ಗಂಭೀರತೆಯಲ್ಲೇ ತೆಗೆದುಕೊಳ್ಳುತ್ತೇನೆ. ಉತ್ತರ ಇದೆ, ಮತ್ತು ಅದು ಬೆಂಗಳೂರಿನ ಹಳೆಯ ಪೇಟೆಗೆ ಹತ್ತಿರದಲ್ಲೇ ಇದೆ.

ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿದೆ. ಅದೇ ರಸ್ತೆಯಲ್ಲಿ ಸಂಸ್ಕೃತ ವಿಶ್ವವಿದ್ಯಾಲಯವೂ ಇದೆ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ, ಸಿಟಿ ಮಾರುಕಟ್ಟೆಯ ಗದ್ದಲದ ಪಕ್ಕದಲ್ಲಿ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ. ಈ ಅರಮನೆ ಕಟ್ಟುತ್ತಿದ್ದ ವರ್ಷಗಳಲ್ಲೇ ಅದರ ಒಡೆಯ ಇಸ್ತಾನ್‌ಬುಲ್‌ಗೆ ಒಂದು ನಿಯೋಗ ಕಳಿಸಿದ್ದ. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣ ಬಿಟ್ಟ ಈ ತಂಡ 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿತು. ಗುಲಾಮ್ ಅಲಿ ಖಾನ್ ಮುಂದಾಳು. ಹಡಗುಗಳಲ್ಲಿ ರಾಯಭಾರಿಗಳ ಜೊತೆಗೆ ಗಂಧದ ಮರ, ಮೆಣಸು, ಏಲಕ್ಕಿ, ಬಟ್ಟೆ ಕೂಡ ಇದ್ದವು. ದಾರಿಯಲ್ಲಿ ಮಾರಿ ಖರ್ಚು ನೀಗಿಸುವ ಯೋಚನೆ. ಮಸ್ಕತ್, ಬಸ್ರಾ, ಬಾಗ್ದಾದ್ ದಾಟಿ ಅವರು ಆಟೊಮನ್ ರಾಜಧಾನಿ ಮುಟ್ಟಿದ್ದು 1787ರ ಸೆಪ್ಟೆಂಬರಿನಲ್ಲಿ. ಬೇಡಿಕೆಗಳ ಪಟ್ಟಿ ಈಗ ಓದಿದರೂ ಬೆರಗಾಗುವಂಥದ್ದು. ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆಗೆ ಕೊಟ್ಟರೆ ಬದಲಿಗೆ ಮಂಗಳೂರಿನಲ್ಲಿ ಅವರಿಗೆ ಅಂಥದೇ ಸೌಲಭ್ಯ. ಬಂದೂಕು, ಗಾಜು, ಪಿಂಗಾಣಿ ಮಾಡಬಲ್ಲ ಕುಶಲಕರ್ಮಿಗಳು. ಇಂಗ್ಲಿಷರ ಎದುರು ಸೈನ್ಯದ ನೆರವು. ಸುಲ್ತಾನ್ ಒಂದನೇ ಅಬ್ದುಲ್ ಹಮೀದ್ ಮರ್ಯಾದೆಯಿಂದ ಬರಮಾಡಿಕೊಂಡ, ಉಡುಗೊರೆ, ಬಿರುದು ಕೊಟ್ಟ, ಮುಖ್ಯವಾದದ್ದನ್ನು ಕೊಡಲಿಲ್ಲ. ಕಾರಣ ಸರಳ. ಅದೇ ವರ್ಷದ ಆಗಸ್ಟಿನಲ್ಲಿ ಆಟೊಮನ್ನರು ರಷ್ಯಾದೊಡನೆ ಯುದ್ಧಕ್ಕೆ ಇಳಿದಿದ್ದರು. ಬ್ರಿಟನ್ನನ್ನು ಎದುರು ಹಾಕಿಕೊಳ್ಳುವ ಸ್ಥಿತಿ ಅವರದಲ್ಲ. ಹೊರಟಿದ್ದ ನೂರಾರು ಜನರಲ್ಲಿ ಹೆಚ್ಚಿನವರು ಕಾಯಿಲೆ, ಹಡಗಿನ ಅವಘಡಗಳಲ್ಲಿ ಸತ್ತರು. ಉಳಿದವರು ಈಜಿಪ್ಟ್, ಜಿದ್ದಾ ದಾರಿಯಾಗಿ ಊರು ಸೇರಿದರು.

ಈ ಕಥೆ ನಮಗೆ ಗೊತ್ತಾದದ್ದು ಯಾವ ಭಾಷೆಗಳಿಂದ ಎಂಬುದೇ ನನ್ನ ವಾದದ ಮೊದಲ ಸಾಕ್ಷಿ. ನಿಯೋಗದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ದಿನಚರಿ ಬರೆದಿಟ್ಟ. ಅದನ್ನು 1968ರಲ್ಲಿ ಮೊಹಿಬ್ಬುಲ್ ಹಸನ್ ಸಂಪಾದಿಸಿದರು. ಪ್ರಯಾಣಿಕರ ಕಡೆಯ ಮಾತು ಅಲ್ಲಿದೆ. ಆತಿಥೇಯರ ಕಡೆಯದ್ದು, ಅಂದರೆ ಮೈಸೂರಿನವರ ಬಗ್ಗೆ ಆಟೊಮನ್ ಅಧಿಕಾರಿಗಳು ತಮ್ಮೊಳಗೆ ಬರೆದುಕೊಂಡ ಟಿಪ್ಪಣಿ, ವರದಿ, ಖರ್ಚಿನ ಲೆಕ್ಕ, ಇಸ್ತಾನ್‌ಬುಲ್‌ನ ಪತ್ರಾಗಾರದ ವಿಷಯ. 1948ರಲ್ಲೇ ಹಿಕ್ಮೆತ್ ಬಾಯುರ್ ಎಂಬ ಇತಿಹಾಸಕಾರ ಟರ್ಕಿಯ ಇತಿಹಾಸ ಸಂಸ್ಥೆಯ ‘ಬೆಲ್ಲೆತೆನ್’ ಪತ್ರಿಕೆಯಲ್ಲಿ ಟಿಪ್ಪುವಿಗೂ ಇಬ್ಬರು ಆಟೊಮನ್ ಸುಲ್ತಾನರಿಗೂ ನಡೆದ ಪತ್ರವ್ಯವಹಾರವನ್ನು ಪ್ರಕಟಿಸಿದರು. ಲೇಖನ ಟರ್ಕಿಶ್‌ನಲ್ಲಿದೆ. ಟಿಪ್ಪು ಜಯಂತಿ ಬೇಕೋ ಬೇಡವೋ ಎಂದು ನಾವು ವರ್ಷಗಟ್ಟಲೆ ಜಗಳವಾಡಿದೆವು. ಎರಡೂ ಕಡೆಯವರು ಪುಸ್ತಕಗಳನ್ನು ಒಬ್ಬರ ಮುಖಕ್ಕೆ ಒಬ್ಬರು ಹಿಡಿದರು. ಆ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಕಾಗದಪತ್ರಗಳನ್ನು ನೆಚ್ಚಿಕೊಂಡವು. ಮೂರನೆಯ ಊರಾದ ಇಸ್ತಾನ್‌ಬುಲ್‌ನ ದಾಖಲೆ ಏನು ಹೇಳುತ್ತದೆ ಎಂದು ನೇರವಾಗಿ ಓದಿ ಹೇಳುವ ಸಾಮರ್ಥ್ಯವನ್ನು ಬೆಳೆಸಲು ಕರ್ನಾಟಕದ ಯಾವ ಕಾಲೇಜೂ, ನನಗೆ ತಿಳಿದ ಮಟ್ಟಿಗೆ, ಒಂದು ತರಗತಿ ತೆರೆದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಫ್ರೆಂಚರ ಸಹವಾಸ ಬಿಡು ಎಂದು ಆಟೊಮನ್ ಸುಲ್ತಾನ್ ಮೂರನೇ ಸಲೀಂ 1798ರ ಸೆಪ್ಟೆಂಬರಿನಲ್ಲಿ ಬರೆದ ಪತ್ರ ಟಿಪ್ಪುವಿಗೆ ಮುಟ್ಟಿದ್ದು 1799ರ ಜನವರಿಯಲ್ಲಿ, ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಯಿಂದ. ಅದಾದ ನಾಲ್ಕು ತಿಂಗಳೊಳಗೆ ಶ್ರೀರಂಗಪಟ್ಟಣ ಬಿತ್ತು. ಇಸ್ತಾನ್‌ಬುಲ್ ಏನು ಹೇಳಿತು ಎಂಬುದನ್ನು ಮೈಸೂರಿಗೆ ತಿಳಿಸುವವರು ಇಂಗ್ಲಿಷರು ಎಂಬ ಏರ್ಪಾಡು ಅಂದೂ ಇತ್ತು, ವಿದ್ವತ್ತಿನ ಲೋಕದಲ್ಲಿ ಇಂದೂ ಇದೆ.

ಟಿಪ್ಪುವಿನ ಹೆಸರು ಕೇಳಿದೊಡನೆ ಬಿಸಿಯಾಗುವವರಿಗೆ ಅವನನ್ನು ಬಿಟ್ಟೂ ಹೇಳಬಹುದು. ವಿಜಯಪುರದ ಷೇರ್ಜಾ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನಲ್ಲೇ ‘ರೂಮಿ’ ಎಂದಿದೆ. ಆ ಕಾಲದ ದಖನಿನಲ್ಲಿ ಹಾಗೆಂದರೆ ಆಟೊಮನ್ ಸೀಮೆಯವನು. ವಿಜಯನಗರ ಮುಳುಗಿದ 1565ರ ರಕ್ಕಸತಂಗಡಿ ಕಾಳಗದಲ್ಲಿ ಅಹಮದ್‌ನಗರದ ತೋಪುಗಳ ಸಾಲಿನ ಹಿಂದೆ ನಿಂತಿದ್ದವನು ಚೆಲೆಬಿ ರೂಮಿ ಖಾನ್. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆಟೊಮನ್ ರಾಜಕುಮಾರ ಎಂದು ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಇತಿಹಾಸಕಾರರಲ್ಲಿ ಹಲವರು ಅದನ್ನು ನಂಬುವುದಿಲ್ಲ, ನಾನೂ ನಂಬುವವರ ಪೈಕಿ ಅಲ್ಲ. ಆದರೆ ಅಂಥ ವಂಶಾವಳಿಯನ್ನು ಹೇಳಿಕೊಳ್ಳಲು ವಿಜಯಪುರಕ್ಕೆ ಆಸೆಯಿತ್ತು ಎಂಬುದೇ ಆ ಕಾಲದ ಲೋಕ ಎಷ್ಟು ಅಗಲವಾಗಿತ್ತು ಎಂದು ತೋರಿಸುತ್ತದೆ. ಕನ್ನಡ ನಾಡಿನ ಇತಿಹಾಸ ಕನ್ನಡ ಶಾಸನಗಳಲ್ಲಿ ಮಾತ್ರ ಇಲ್ಲ ಎಂದು ಅರಿತು ಕೆಲಸಕ್ಕೆ ಇಳಿದವರು ನಮ್ಮಲ್ಲಿ ಇದ್ದಾರೆ. ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಪಾರ್ಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆ ಹಾಕಿಕೊಂಡು ಸಂಪುಟಗಳನ್ನೇ ಹೊರತಂದಿತು. ಟರ್ಕಿಶ್ ಪದವಿ ಆ ಕೆಲಸದ ಮುಂದಿನ ಹೆಜ್ಜೆ.

ಇತಿಹಾಸದ ಆಸಕ್ತಿಯಿಲ್ಲದವರಿಗೂ ಈ ಓದಿನಲ್ಲಿ ಸಿಗುವುದೇನು ಎಂದರೆ, ಮೊದಲಿಗೆ ಭಾಷೆಯೇ. ಕನ್ನಡ ಬಲ್ಲವರಿಗೆ ಟರ್ಕಿಶ್ ವ್ಯಾಕರಣ ವಿಚಿತ್ರವಾಗಿ ಪರಿಚಿತ. ಕ್ರಿಯಾಪದ ಕಡೆಗೆ ಬರುತ್ತದೆ. ವಿಭಕ್ತಿ ನಾಮಪದದ ಬಾಲಕ್ಕೆ ಅಂಟುತ್ತದೆ: ಮನೆ-ಗಳ-ಲ್ಲಿ ಎಂಬುದು ಎವ್-ಲೆರ್-ದೆ, ತುಂಡುಗಳ ಕ್ರಮವೂ ಅದೇ. ಕಣ್ಣಾರೆ ಕಾಣದೆ ಕೇಳಿ ತಿಳಿದದ್ದಕ್ಕೆ ನಾವು ‘ಬಂದನಂತೆ’ ಎನ್ನುತ್ತೇವೆ. ಟರ್ಕಿಶ್ ಕ್ರಿಯಾಪದಕ್ಕೂ ಅಂಥದೇ ಒಂದು ಪ್ರತ್ಯಯವಿದೆ, ‘ಗೆಲ್ಮಿಷ್’. ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿ ಇದನ್ನು ಅರಗಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡುತ್ತಾನೆ. ನಾವು ಪುಸ್ತಕ-ಗಿಸ್ತಕ ಅಂದರೆ ಅವರು ಕಿತಾಪ್-ಮಿತಾಪ್ ಅನ್ನುತ್ತಾರೆ. ಈ ಹೋಲಿಕೆಗಳನ್ನು ಕಂಡೇ ಭಾಷಾವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳಿಗೂ ಟರ್ಕಿಶ್ ಸೇರಿದ ಗುಂಪಿಗೂ ನೆಂಟಸ್ತನ ಕಲ್ಪಿಸಿದ. ಆ ನೆಂಟಸ್ತನವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ರಕ್ತಸಂಬಂಧ ಇಲ್ಲದೆಯೂ ಭಾಷೆಗಳು ಒಂದೇ ಬಗೆಯಲ್ಲಿ ಕಟ್ಟಿಕೊಳ್ಳಬಹುದು. ಕಲಿಯುವವನಿಗೆ ಲಾಭ ಮಾತ್ರ ಹಾಗೆಯೇ ಉಳಿಯುತ್ತದೆ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲೋ ಇಂಗ್ಲಿಷಿನ ಅಚ್ಚಿನಲ್ಲೋ ನೋಡಿ ಅಭ್ಯಾಸವಾದ ನಮಗೆ, ಕನ್ನಡವನ್ನು ಅದರಂತೆಯೇ ಕಟ್ಟಿಕೊಂಡ ಇನ್ನೊಂದು ಭಾಷೆಯ ಪಕ್ಕದಲ್ಲಿಟ್ಟು ನೋಡುವ ಅವಕಾಶ ಅಪರೂಪದ್ದು.

ಅದಕ್ಕಿಂತ ದೊಡ್ಡ ವಿಷಯ ಇಪ್ಪತ್ತನೆಯ ಶತಮಾನದ ಟರ್ಕಿಯದು. ಕನ್ನಡದಲ್ಲಿ ಸಂಸ್ಕೃತ ಪದಗಳು ಎಷ್ಟಿರಬೇಕು ಎಂಬ ವಾದ ಇಂದಿನದಲ್ಲ. ಹದಿಮೂರನೆಯ ಶತಮಾನದ ಆಂಡಯ್ಯನಿಂದ ಹಿಡಿದು ಡಿ.ಎನ್. ಶಂಕರ ಭಟ್ಟರ ಹೊಸಬರಹದ ತನಕ ಅದು ನಡೆದು ಬಂದಿದೆ. ಮಹಾಪ್ರಾಣ ಬೇಡ, ಎಲ್ಲರ ಕನ್ನಡ ಬೇಕು ಎನ್ನುವವರೂ ಅದೆಲ್ಲ ಪರಂಪರೆಯ ಕೊಲೆ ಎನ್ನುವವರೂ ಮುಂದೇನಾದೀತು ಎಂದು ಊಹೆಯ ಮೇಲೆ ಮಾತಾಡುತ್ತಾರೆ. ಟರ್ಕಿ ಅದನ್ನು ಮಾಡಿಯೇ ತೋರಿಸಿದ ದೇಶ. 1928ರ ನವೆಂಬರಿನಲ್ಲಿ ಕಾನೂನು ಬಂತು. ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಕೂತಿತು. 1932ರಲ್ಲಿ ಹುಟ್ಟಿದ ಭಾಷಾ ಸಂಸ್ಥೆ ಅರಬ್ಬಿ, ಪಾರ್ಸಿ ಪದಗಳನ್ನು ಹುಡುಕಿ ಹುಡುಕಿ ಹೊರಹಾಕಿತು. ಹಳ್ಳಿಹಳ್ಳಿಯಿಂದ ಪದ ಕೂಡಿಸಿತು, ಸಿಗದ ಕಡೆ ಹೊಸತು ಕಟ್ಟಿತು. ಶಾಲೆಗೆ ಇದ್ದ ‘ಮೆಕ್ತೆಪ್’ ಹೋಗಿ ‘ಒಕುಲ್’ ಬಂತು. ಉತ್ಸಾಹ ಎಲ್ಲಿಯವರೆಗೆ ಹೋಯಿತೆಂದರೆ 1936ರ ಸುಮಾರಿಗೆ ಲೋಕದ ಭಾಷೆಗಳೆಲ್ಲ ಟರ್ಕಿಶ್‌ನಿಂದಲೇ ಹುಟ್ಟಿದವು ಎಂಬ ‘ಸೂರ್ಯಭಾಷಾ ಸಿದ್ಧಾಂತ’ವೂ ಸರ್ಕಾರದ ಕೃಪೆ ಪಡೆಯಿತು. (ನಮ್ಮ ಕಡೆಯೂ ಅಂಥ ಸಿದ್ಧಾಂತಿಗಳಿಗೆ ಕೊರತೆಯಿಲ್ಲ, ಸರ್ಕಾರದ ಕೃಪೆಯೊಂದು ಬಾಕಿ.) ಫಲ ಎರಡು ಬಗೆಯದ್ದು. ಸಾಕ್ಷರತೆ ಹರಡಿತು, ಬರೆಹ ಆಡುಮಾತಿಗೆ ಹತ್ತಿರ ಬಂತು, ಯಶಾರ್ ಕೆಮಾಲನಂಥ ಕಾದಂಬರಿಕಾರ ಹಳ್ಳಿಯ ನಾಲಿಗೆಯಿಂದಲೇ ಮಹಾಕಥೆ ಕಟ್ಟಿದ. ಇನ್ನೊಂದೆಡೆ, ಗಣರಾಜ್ಯದ ಸ್ಥಾಪಕ ಅತಾತುರ್ಕ್ 1927ರಲ್ಲಿ ಆರು ದಿನಗಳಲ್ಲಿ ಹರಡಿ ಮೂವತ್ತಾರು ಗಂಟೆ ಮಾಡಿದ ಪ್ರಸಿದ್ಧ ಭಾಷಣವನ್ನು ಅವನ ದೇಶದ ಮಕ್ಕಳಿಗಾಗಿ ಮತ್ತೆ ಮತ್ತೆ ಹೊಸ ಟರ್ಕಿಶ್‌ಗೆ ಬರೆದುಕೊಡಬೇಕಾಯಿತು. ಅಜ್ಜನ ಕಾಗದವನ್ನು ಮೊಮ್ಮಗ ಓದಲಾರ. ಓದಿ ಹೇಳಿದರೂ ಅರ್ಧ ತಿಳಿಯದು.

ಪರಿಷತ್ತಿನ ವೇದಿಕೆಯಲ್ಲಿ ಭಾಷಾಶುದ್ಧಿಯ ಬಗ್ಗೆ ಮಾತಾಡುವ ಯಾರೇ ಆಗಲಿ ಈ ಪ್ರಯೋಗವನ್ನು ವಿವರವಾಗಿ ಬಲ್ಲವರಾಗಿರಬೇಕಿತ್ತು. ನನಗನಿಸುವಂತೆ ಅದರಿಂದ ಎರಡೂ ಪಕ್ಷದವರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ. ಭಾಷೆಯನ್ನು ಆಳವಾಗಿ ಬದಲಿಸಿದರೆ ಅದು ಸಾಯುತ್ತದೆ ಎಂಬುದು ಟರ್ಕಿಯಲ್ಲಿ ಸುಳ್ಳಾಯಿತು. ಬದಲಿಸಿದರೆ ನಷ್ಟವೇನೂ ಇಲ್ಲ ಎಂಬುದೂ ಸುಳ್ಳಾಯಿತು. ಹೊಸಬರಹ ಲಿಪಿಯನ್ನು ಬದಲಿಸುವುದಿಲ್ಲ, ಅಕ್ಷರಗಳನ್ನು ಕಡಿಮೆ ಮಾಡುತ್ತದೆ ಎಂಬ ವ್ಯತ್ಯಾಸವೂ ಸಣ್ಣದಲ್ಲ. ಇಂಥ ತೂಕದ ಮಾತಾಡಲು ಒಂದೆರಡು ಇಂಗ್ಲಿಷ್ ಲೇಖನ ಓದಿದರೆ ಸಾಲದು. 1920ರ ಪತ್ರಿಕೆಯನ್ನೂ 1960ರ ಕಾದಂಬರಿಯನ್ನೂ ಮೂಲದಲ್ಲಿ ಪಕ್ಕಪಕ್ಕ ಇಟ್ಟು ಓದಬಲ್ಲವರು ಬೇಕು. ಸರ್ಟಿಫಿಕೇಟ್ ಕೋರ್ಸಿಗೂ ಪದವಿಗೂ ಇರುವ ಅಂತರ ಇದೇ. ಆರು ತಿಂಗಳ ತರಗತಿ ಹೋಟೆಲಿನಲ್ಲಿ ಚಹಾ ಕೇಳುವುದನ್ನು ಕಲಿಸುತ್ತದೆ. ಲಿಪಿ ಬದಲಾದ ಭಾಷೆಯ ಎರಡು ದಡವನ್ನೂ ಮುಟ್ಟಲು ವರ್ಷಗಳು ಬೇಕು.

ಈಗ ಆಕ್ಷೇಪಗಳು. ಮೊದಲನೆಯದು, ಸದ್ಯಕ್ಕೆ ಎಲ್ಲಕ್ಕಿಂತ ಜೋರಾದದ್ದು, ರಾಜಕೀಯದ್ದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿನಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿತು. ದೇಶದ ಹಲವೆಡೆ ವರ್ತಕರು ಟರ್ಕಿಯ ಸೇಬು ಬೇಡವೆಂದರು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಟರ್ಕಿಯ ಇನೊನು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದವನ್ನು ತಡೆಹಿಡಿಯಿತು, ಟರ್ಕಿಶ್‌ನಲ್ಲಿ ಬಿ.ಎ. ಆನರ್ಸ್ ನಡೆಸುವ ದೆಹಲಿಯ ಜಾಮಿಯಾ ಮಿಲಿಯಾ ಟರ್ಕಿಯ ಸಂಸ್ಥೆಗಳೊಂದಿಗಿನ ಸಹಕಾರ ನಿಲ್ಲಿಸಿತು. ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ ಟರ್ಕಿಶ್ ಡಿಪ್ಲೊಮಾಕ್ಕೆ ಆಸರೆಯಾಗಿದ್ದ ಯೂನುಸ್ ಎಮ್ರೆ ಸಂಸ್ಥೆಯ ಒಪ್ಪಂದ ಮುರಿಯಿತು. ವಿದೇಶಿ ಸರ್ಕಾರದ ಹಣದಲ್ಲಿ ನಡೆಯುವ ಇಂಥ ಸಂಸ್ಥೆಯೊಂದರ ಜೊತೆ ಒಪ್ಪಂದ ಬೇಕೇ ಬೇಡವೇ ಎಂಬುದು ಸರ್ಕಾರಗಳ ನಡುವಿನ ವಿಷಯ; ಅದನ್ನು ನಾನು ಪ್ರಶ್ನಿಸುವುದಿಲ್ಲ. ಸೇಬನ್ನು ಬಿಟ್ಟರೆ ಬೆಳೆದವನಿಗೆ ನಷ್ಟ, ಭಾಷೆಯನ್ನು ಬಿಟ್ಟರೆ ಬಿಟ್ಟವನಿಗೇ ನಷ್ಟ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ರಷ್ಯನ್ ತರಗತಿಗಳನ್ನು ಮುಚ್ಚಲಿಲ್ಲ. ಮರುವರ್ಷವೇ ರಕ್ಷಣಾ ಶಿಕ್ಷಣ ಕಾಯಿದೆ ತಂದು ರಷ್ಯನ್ ಮೊದಲಾದ ಭಾಷೆಗಳಿಗೆ ಹಣ ಸುರಿಯಿತು. ನಮ್ಮೊಡನೆ ಮುನಿಸಿಕೊಂಡ ದೇಶದ ಪತ್ರಿಕೆ ಏನು ಬರೆಯುತ್ತದೆ, ಸಂಸತ್ತಿನಲ್ಲಿ ಏನು ಮಾತು ನಡೆಯಿತು ಎಂದು ಅದೇ ದಿನ ಓದಿ ತಿಳಿಯಬಲ್ಲ ಭಾರತೀಯರು ಬೇಕು. ಸ್ನೇಹವಿದ್ದಾಗ ಆ ದೇಶದವರೇ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಾರೆ. ಸ್ನೇಹ ಕೆಟ್ಟಾಗಲೇ ನಮ್ಮವರು ಬೇಕಾಗುವುದು. ಟರ್ಕಿಶ್ ಕಲಿಸುವುದನ್ನು ಟರ್ಕಿ ಸರ್ಕಾರದ ಕೊಡುಗೆಗೆ ನೇತುಹಾಕಿದ್ದೇ ತಪ್ಪು. ನಮ್ಮ ಹಣದಲ್ಲಿ, ನಮ್ಮ ಪಠ್ಯಕ್ರಮದಲ್ಲಿ, ಅರ್ಮೇನಿಯನ್ನರ ಮೇಲೆ ನಡೆದ ಕೊಲೆಗಳನ್ನೂ ಕುರ್ದರ ಪ್ರಶ್ನೆಯನ್ನೂ ಬಿಡದೆ ಕಲಿಸುವ ಪದವಿ ಬೇರೆಯೇ ಆಗಿರುತ್ತದೆ.

ಎರಡನೆಯದು ಮನೆಯವರ ಪ್ರಶ್ನೆ: ಕೆಲಸ. ಇಲ್ಲಿ ಬಣ್ಣದ ಮಾತು ಬೇಡ. ಟರ್ಕಿಶ್ ಒಂದನ್ನೇ ಓದಿದವರಿಗೆ ಬೆಂಗಳೂರಿನಲ್ಲಿ ಕೆಲಸ ಕಾದು ಕೂತಿಲ್ಲ. ಅನುವಾದ, ಧಾರಾವಾಹಿಗಳ ಸಬ್‌ಟೈಟಲ್, ರಫ್ತು ವ್ಯಾಪಾರ, ಸಂಶೋಧನೆ, ವಿದೇಶಾಂಗ ವ್ಯವಹಾರ ಎಂದು ಪಟ್ಟಿ ಮಾಡಬಹುದು. ಪಟ್ಟಿ ಉದ್ದವಾದಷ್ಟೂ ಒಂದೊಂದರಲ್ಲಿ ಇರುವ ಹುದ್ದೆ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದೇ ಮಾತು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವ ಸಾವಿರಾರು ಬಿ.ಎ. ವಿದ್ಯಾರ್ಥಿಗಳಿಗೂ ಹೊಂದುತ್ತದೆ, ಅವರನ್ನು ಯಾರೂ ನೋಡಿ ನಗುವುದಿಲ್ಲ. ಅವರ ಜೊತೆ ಸ್ಪರ್ಧಿಸುವಾಗ ಬೇರೆ ಯಾರಿಗೂ ಇಲ್ಲದ ಒಂದು ಭಾಷೆ ಕೈಯಲ್ಲಿದ್ದರೆ ಅದು ಹೊರೆಯಲ್ಲ. ಇಲ್ಲಿನ ಪದವಿಯಿಂದ ಮುಂದೆ ಓದಲು ದಾರಿಗಳೂ ಇವೆ. ಲಂಡನ್, ಲೈಡನ್ ಮುಂತಾದ ಕಡೆ ಟರ್ಕಿಶ್ ಅಧ್ಯಯನಕ್ಕೆ ಹಳೆಯ ಪೀಠಗಳಿವೆ. ಆದರೂ ಹುದ್ದೆಗಳು ಕಡಿಮೆಯಾದ್ದರಿಂದಲೇ ಟರ್ಕಿಶ್ ಒಂದನ್ನೇ ಪದವಿಯಾಗಿ ಓದು ಎಂದು ಹದಿನೆಂಟು ವರ್ಷದವರಿಗೆ ನಾನು ಹೇಳುವುದಿಲ್ಲ. ಜೋಡಿಸಿ ಓದಬೇಕು ಎನ್ನುತ್ತೇನೆ. ಅದರ ಮಾತು ಕಡೆಗೆ.

ಮೂರನೆಯ ಆಕ್ಷೇಪ ಕನ್ನಡದ ಕಡೆಯಿಂದ ಬರುತ್ತದೆ, ಅದಕ್ಕೆ ನನ್ನಲ್ಲಿ ಹೆಚ್ಚು ಗೌರವವಿದೆ. ಕನ್ನಡ ಎಂ.ಎ.ಗೇ ಮಕ್ಕಳು ಬರುತ್ತಿಲ್ಲ, ಇರುವ ಮನೆಗೆ ಸುಣ್ಣವಿಲ್ಲ, ಟರ್ಕಿಶ್‌ಗೆ ಯಾರ ದುಡ್ಡು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕನ್ನಡವನ್ನು ಶಾಸ್ತ್ರವಾಗಿ ಕಟ್ಟಿದವರನ್ನು ಒಮ್ಮೆ ನೆನೆಯೋಣ. 1894ರ ನಿಘಂಟಿಗಾಗಿ ನಾವು ಹಾರ ಹಾಕುವ ಕಿಟೆಲ್ ಜರ್ಮನಿಯಿಂದ ಬಂದವನು. ಇಂದಿಗೂ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ ಎಂದು ಕೇಳಿದರೆ ನಮಗೆ ಹೆಮ್ಮೆ. ಅಲ್ಲಿನ ಯಾವ ತಾಯಿಯೂ ಕನ್ನಡ ಓದಿ ಏನು ಮಾಡುತ್ತೀಯ ಎಂದು ಕೇಳಿರಲಾರಳೇ? ಬೇರೆಯವರು ನಮ್ಮನ್ನು ಓದಲಿ, ನಾವು ಯಾರನ್ನೂ ಓದುವುದಿಲ್ಲ ಎಂಬುದು ಬೆಳೆಯುವ ಭಾಷೆಯ ಲಕ್ಷಣವಲ್ಲ. ಬಸವನಗುಡಿಯ ಹಿರಿಯರು ಹಾಗಿರಲಿಲ್ಲ. ಬಿ.ಎಂ.ಶ್ರೀ. ಗ್ರೀಕ್ ರುದ್ರನಾಟಕವನ್ನು ಕನ್ನಡದ ಅಂಗಳಕ್ಕೆ ತಂದರು, ಡಿ.ವಿ.ಜಿ. ಉಮರ್ ಖಯ್ಯಾಮನನ್ನು ಫಿಟ್ಜ್‌ಜೆರಾಲ್ಡನ ದಾರಿಯಿಂದ ಬರಮಾಡಿಕೊಂಡರು. ಅವರ ಕಾಲಕ್ಕೆ ಇಂಗ್ಲಿಷೇ ದೊಡ್ಡ ಕಿಟಕಿ. ನೂರು ವರ್ಷವಾದ ಮೇಲೂ ಅದೊಂದೇ ಕಿಟಕಿ ಸಾಕು ಎಂದರೆ ಅವರ ಕೆಲಸವನ್ನು ನಾವು ಮುಂದುವರಿಸಲಿಲ್ಲ ಎಂದೇ ಅರ್ಥ. ಇನ್ನು, ಯಂತ್ರ ಅನುವಾದ ಇದೆಯಲ್ಲ ಎನ್ನುವವರು, ಅಚ್ಚಾಗದ ಆಟೊಮನ್ ಹಸ್ತಪ್ರತಿಯೊಂದನ್ನು ಅದರ ಮುಂದೆ ಹಿಡಿದು, ಬಂದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ ಎಂದು ಯೋಚಿಸಬೇಕು.

ಹಾಗಾದರೆ ಎಲ್ಲಿ, ಹೇಗೆ? ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು; ಮೂರು ಐಚ್ಛಿಕ ವಿಷಯಗಳ ಹಳೆಯ ಪದ್ಧತಿ ಮತ್ತೆ ಬಂದಿದೆ. ಆ ನಿರ್ಧಾರದ ಬಗ್ಗೆ ಜಗಳ ಏನೇ ಇರಲಿ, ಈ ಕೆಲಸಕ್ಕೆ ಅದು ಅನುಕೂಲ. ಇತಿಹಾಸ, ಕನ್ನಡ, ಟರ್ಕಿಶ್ ಎಂಬ ಮೂರರ ಒಂದು ಜೋಡಣೆ ಸಾಕು. ಮೊದಲ ವರ್ಷ ಇಂದಿನ ಟರ್ಕಿಶ್, ಎರಡನೆಯ ವರ್ಷ ಸಾಹಿತ್ಯ ಮತ್ತು ಗಣರಾಜ್ಯದ ಇತಿಹಾಸ, ಮೂರನೆಯ ವರ್ಷ ಹಳೆಯ ಲಿಪಿಯ ಪರಿಚಯ. ಅರಬ್ಬಿ ಲಿಪಿ ಕಲಿಸಲು ಉರ್ದು ಅಧ್ಯಾಪಕರು ನಮ್ಮ ಕಾಲೇಜುಗಳಲ್ಲೇ ಇದ್ದಾರೆ. ಸೆಂಟ್ರಲ್ ಕಾಲೇಜು ಆವರಣದಲ್ಲಿ ವಿದೇಶಿ ಭಾಷೆಗಳ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳು ಬಹುಕಾಲದಿಂದ ನಡೆದು ಬಂದಿವೆ, ಹೊಸ ಕಟ್ಟಡ ಬೇಕಿಲ್ಲ. ಬೇಕಾದದ್ದು ಇಬ್ಬರು ಅಧ್ಯಾಪಕರು, ಹದಿನೈದು ಸೀಟು, ಮತ್ತು ಮೊದಲ ಐದು ವರ್ಷ ಸೀಟು ತುಂಬಲಿಲ್ಲವೆಂದು ಮುಚ್ಚುವುದಿಲ್ಲ ಎಂಬ ಲಿಖಿತ ಭರವಸೆ. ಅದೇ ಆವರಣದ ಬೆಂಗಳೂರು ನಗರ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಲಿ. ಅಷ್ಟರೊಳಗೆ ಯಾವುದಾದರೂ ಮನೆಯಲ್ಲಿ ಮಗಳು ಈ ಮಾತೆತ್ತಿದರೆ, ಏನು ಮಾಡುತ್ತೀಯ ಎಂದು ಕೇಳಿದ ಮೇಲೆ ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.